‘ಗೆಟ್’ ಕ್ರಿಯಾಪದ: ಅರ್ಥ, ಬಳಕೆ ಮತ್ತು ಮೂಲ

ಪ್ರಶ್ನೆ: ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದೇನೆ. ‘ಗೆಟ್’ ಎಂದರೆ ‘ಪಡೆ’ ಎಂದು ಹೇಳಿಕೊಟ್ಟರೆ, ‘ಗೆಟ್ ಆ್ಯಂಗ್ರಿ’, ‘ಗೆಟ್ ಹೋಮ್’ ಎಂಬಲ್ಲಿ ಪಡೆಯುವುದೇನು ಎಂದು ಮಕ್ಕಳು ಕೇಳುತ್ತಾರೆ. ಈ ಅರ್ಥಗಳಿಗೆ ಪರಸ್ಪರ ಸಂಬಂಧವಿದೆಯೇ? ಪದದ ಮೂಲವನ್ನೂ ದಯವಿಟ್ಟು ತಿಳಿಸಿ.

ಉತ್ತರ: ಸಂಬಂಧ ಖಂಡಿತ ಇದೆ, ಮೇಡಂ. ಈ ಕ್ರಿಯಾಪದಕ್ಕೆ ಒಂದೇ ಕನ್ನಡ ಪದವನ್ನು ಕಟ್ಟಿಹಾಕದೆ, ಅದರ ಮುಂದೆ ಏನು ಬಂದಿದೆ ಎಂದು ನೋಡುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಿ. ವಸ್ತುವಿನ ಹೆಸರು ಬಂದರೆ ‘ಸಿಗು’ ಅಥವಾ ‘ಪಡೆ’, ಗುಣವಾಚಕ ಬಂದರೆ ‘ಆಗು’, ಸ್ಥಳ ಬಂದರೆ ‘ತಲುಪು’. ಕೈಯಲ್ಲಿಲ್ಲದ್ದು ಕೈಗೆ ಬರುವುದು, ಇಲ್ಲದಿದ್ದ ಸ್ಥಿತಿ ಉಂಟಾಗುವುದು, ಬೇರೆಡೆ ಇದ್ದವರು ಒಂದೆಡೆ ಸೇರುವುದು, ಈ ಮೂರರಲ್ಲಿಯೂ ಇರುವುದು ಹೊಸದೊಂದನ್ನು ಮುಟ್ಟುವ ಭಾವವೇ. ಆದ್ದರಿಂದ ‘ಇಟ್ ಗಾಟ್ ಡಾರ್ಕ್’ ಎಂದರೆ ಕತ್ತಲಾಯಿತು, ‘ವಿ ಗಾಟ್ ಹೋಮ್’ ಎಂದರೆ ಮನೆ ತಲುಪಿದೆವು.

ನಾಲ್ಕನೆಯ ಬಳಕೆಯೊಂದನ್ನು ಕನ್ನಡದ ಮಕ್ಕಳು ಬೇಗ ಹಿಡಿಯಬಲ್ಲರು, ಏಕೆಂದರೆ ನಮ್ಮಲ್ಲಿ ‘ಇಸು’ ಪ್ರತ್ಯಯವಿದೆ. ‘ಐ ಗಾಟ್ ದ ಹೌಸ್ ಪೇಂಟೆಡ್’ ಎಂದರೆ ಮನೆಗೆ ಬಣ್ಣ ಬಳಿಸಿದೆ ಎಂದೇ ಅರ್ಥ, ಬಳಿದವರು ಬೇರೆಯವರು. ಆದರೆ ಯಾರಿಂದ ಮಾಡಿಸಿದೆವು ಎಂದು ಹೇಳುವಾಗ ‘ಐ ಗಾಟ್ ಹಿಮ್ ಟು ರೈಟ್ ಇಟ್’ ಎಂದು ‘ಟು’ ಸೇರಿಸಲೇಬೇಕು. ಇದೇ ಮಾತನ್ನು ‘ಹ್ಯಾವ್’ ಬಳಸಿ ಹೇಳಿದರೆ ‘ಟು’ ಬರುವುದಿಲ್ಲ. ಪರೀಕ್ಷೆಯ ಉತ್ತರಗಳಲ್ಲಿ ಹೆಚ್ಚು ಎಡವುವುದು ಇಲ್ಲಿಯೇ ಆದ್ದರಿಂದ, ಇದಕ್ಕೆ ಒಂದು ತರಗತಿಯನ್ನು ಪೂರ್ತಿಯಾಗಿ ಮೀಸಲಿಟ್ಟರೂ ಅದು ಸಾರ್ಥಕವೆಂದು ನನ್ನ ಅಭಿಪ್ರಾಯ.

ಇನ್ನು ಮೂಲದ ವಿಷಯ. 9ನೆಯ ಶತಮಾನದಲ್ಲಿ ಸ್ಕ್ಯಾಂಡಿನೇವಿಯಾದಿಂದ ಬಂದ ವೈಕಿಂಗರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿ ಅಲ್ಲಿನವರೊಡನೆ ಬೆರೆತುಹೋದರು. ಅವರಾಡುತ್ತಿದ್ದ ಪ್ರಾಚೀನ ನಾರ್ಸ್ ಭಾಷೆಯ ‘ಗೆಟಾ’ ಎಂಬ ಕ್ರಿಯಾಪದವೇ ಇಂದಿನ ‘ಗೆಟ್’. ಹಳೆಯ ಇಂಗ್ಲಿಷಿನಲ್ಲಿ ಇದರ ಸೋದರ ರೂಪವಿತ್ತಾದರೂ ಅದು ಸಾಮಾನ್ಯವಾಗಿ ಪೂರ್ವಪ್ರತ್ಯಯದೊಂದಿಗೇ ಬರುತ್ತಿತ್ತು, ಅದರ ‘ಗ’ಕಾರದ ಉಚ್ಚಾರಣೆ ‘ಯ’ಕಾರಕ್ಕೆ ಹತ್ತಿರವಾಗಿತ್ತು. ‘ಫರ್ಗೆಟ್’, ‘ಬಿಗೆಟ್’ ಪದಗಳು ಆ ಮನೆತನದವು. ಅವುಗಳಲ್ಲಿ ಈಗ ಕೇಳಿಸುವ ಸ್ಪಷ್ಟ ‘ಗ’ಕಾರ ನಾರ್ಸ್ ಪ್ರಭಾವದಿಂದ ಬಂದದ್ದು. ‘ಟೇಕ್’ ಕೂಡ ನಾರ್ಸ್ ಭಾಷೆಯಿಂದಲೇ ಬಂದು, ಅದೇ ಅರ್ಥದ ‘ನಿಮನ್’ ಎಂಬ ಹಳೆಯ ಇಂಗ್ಲಿಷ್ ಪದವನ್ನು ಬಳಕೆಯಿಂದ ಹೊರದೂಡಿತು. ಪರಭಾಷೆಗಳಿಂದ ನಾಮಪದಗಳು ಬರುವುದು ಸಾಮಾನ್ಯ. ಇಷ್ಟು ನಿತ್ಯಬಳಕೆಯ ಕ್ರಿಯಾಪದಗಳೇ ಬಂದು ನೆಲೆಯೂರಬೇಕಾದರೆ ಆ ಎರಡು ಜನಾಂಗಗಳ ಒಡನಾಟ ಎಷ್ಟು ನಿಕಟವಾಗಿತ್ತೆಂದು ಊಹಿಸಬಹುದು.

ಮರುಪ್ರಶ್ನೆ: ಧನ್ಯವಾದಗಳು ಸರ್. ಬಸ್ಸಿನಿಂದ ಇಳಿಯುವುದಕ್ಕೆ ನಾವು ‘ಗೆಟ್ ಡೌನ್’ ಎನ್ನುತ್ತೇವೆ, ಇದು ತಪ್ಪೇ? ‘ಗಾಟನ್’ ಎಂಬ ರೂಪ ಸರಿಯೇ?

ಉತ್ತರ: ‘ಗೆಟ್ ಡೌನ್’ ಭಾರತೀಯ ಇಂಗ್ಲಿಷಿನಲ್ಲಿ ಬೇರೂರಿದೆ ಮತ್ತು ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಹೀಗಾಗಿ ಅದಕ್ಕಾಗಿ ಮಕ್ಕಳನ್ನು ಗದರಿಸಬೇಡಿ. ಬ್ರಿಟನ್, ಅಮೆರಿಕಗಳಲ್ಲಿ ಬಸ್ಸು, ರೈಲುಗಳಿಗೆ ‘ಗೆಟ್ ಆಫ್’, ಕಾರಿಗೆ ‘ಗೆಟ್ ಔಟ್ ಆಫ್’ ಎನ್ನುವುದು ರೂಢಿ; ಏಣಿಯಿಂದ ಇಳಿಯುವಾಗ ಮಾತ್ರ ಅಲ್ಲಿಯೂ ‘ಗೆಟ್ ಡೌನ್’ ಸಲ್ಲುತ್ತದೆ. ‘ಗಾಟನ್’ ಇಂಗ್ಲೆಂಡಿನಲ್ಲಿಯೇ ಹಿಂದೆ ಬಳಕೆಯಲ್ಲಿದ್ದ ರೂಪ. ಅಮೆರಿಕನ್ನರು ಅದನ್ನು ಉಳಿಸಿಕೊಂಡರು. ಅವರಲ್ಲಿ ‘ಹ್ಯಾವ್ ಗಾಟ್’ ಎಂದರೆ ನನ್ನಲ್ಲಿದೆ, ‘ಹ್ಯಾವ್ ಗಾಟನ್’ ಎಂದರೆ ಪಡೆದುಕೊಂಡಿದ್ದೇನೆ. ನಮ್ಮ ಪಠ್ಯಪುಸ್ತಕಗಳು ಬ್ರಿಟಿಷ್ ರೂಢಿಯನ್ನು ಅನುಸರಿಸುವುದರಿಂದ ತರಗತಿಯಲ್ಲಿ ‘ಗಾಟ್’ ಕಲಿಸಿದರೆ ಸಾಕು.