ಬರೋ ಕೌನ್ಸಿಲ್, ಆಲ್ಡರ್‌ಮನ್: ಚುನಾವಣೆಯ ಇತಿಹಾಸ ಬರೆಯುವಾಗ ಯಾವ ಪದ?

ಪ್ರಶ್ನೆ:
ಬಳಗದವರಿಗೆ ನಮಸ್ಕಾರ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬರೋ ಕೌನ್ಸಿಲಿಗೆ 1964ರಿಂದ 2022ರ ತನಕ ನಡೆದ ಚುನಾವಣೆಗಳ ಮೇಲೆ ಲೇಖನವೊಂದು ತಯಾರಾಗುತ್ತಿದೆ. ಊರಿನ ಒಂದು ಭಾಗವನ್ನು ಆಳುವ ಈ ಬರೋ ಕೌನ್ಸಿಲನ್ನು ನಗರಸಭೆ ಅನ್ನಬಹುದೇ? ಅಲ್ಲಿ ಹಿಂದೆ ಕೌನ್ಸಿಲರುಗಳ ಜತೆ ಕೂರುತ್ತಿದ್ದ ಹಿರಿಯ ಸದಸ್ಯ ಆಲ್ಡರ್‌ಮನ್‌ಗೆ 'ನಾಮನಿರ್ದೇಶಿತ ಸದಸ್ಯ' ಸರಿಯೇ? ಪಟ್ಟಿಯಲ್ಲಿ 'ಗಳಿಕೆ', 'ನಷ್ಟ' ಕಲಂಗಳು ತಾಳೆಯಾಗುತ್ತಿಲ್ಲ, ಯಾಕೆ?

ಉತ್ತರ:
ನಗರಸಭೆ ಬೇಡ. ಹಾಗೆಂದರೆ ನಮ್ಮ ಓದುಗರು ಇಡೀ ಊರಿಗೆ ಒಂದೇ ಸಭೆ ಅಂದುಕೊಳ್ಳುತ್ತಾರೆ. ಲಂಡನ್ನಿನಲ್ಲಿ ಬರೋಗಳು 32. ಅವು 1963ರ ಕಾಯ್ದೆಯಿಂದ ಹುಟ್ಟಿದವು. 1964ರ ಮೇ 7ರಂದು ಮೊದಲ ಚುನಾವಣೆ, 1965ರ ಏಪ್ರಿಲ್ 1ರಂದು ಅಧಿಕಾರ. ಹಾಗಾಗಿ ಗೆದ್ದ ವರ್ಷವನ್ನೂ ಆಡಳಿತ ಶುರುವಾದ ವರ್ಷವನ್ನೂ ಬೇರೆ ಬೇರೆ ಕೊಡಿ. ವೆಸ್ಟ್‌ಮಿನ್‌ಸ್ಟರಿಗೆ 'ಸಿಟಿ' ಎಂಬ ಬಿರುದಿದ್ದರೂ ಅದು ಬರೋವೇ; ಸಿಟಿ ಆಫ್ ಲಂಡನ್ ಮಾತ್ರ ಈ 32ರ ಹೊರಗೆ. 'ಬರೋ ಕೌನ್ಸಿಲ್' ಎಂದೇ ಇಟ್ಟುಕೊಳ್ಳಿ.

ನಾಮನಿರ್ದೇಶಿತ ಅಂದರೆ ಸರ್ಕಾರ ತಂದು ಕೂರಿಸಿದವರು ಎಂಬ ಅರ್ಥ ಬರುತ್ತದೆ. ಆಲ್ಡರ್‌ಮನ್‌ಗಳನ್ನು ಕೌನ್ಸಿಲರುಗಳೇ ಆರಿಸುತ್ತಿದ್ದರು, ಆರು ಮಂದಿಗೆ ಒಬ್ಬರ ಲೆಕ್ಕದಲ್ಲಿ. 60 ಕೌನ್ಸಿಲರಿದ್ದರೆ 10 ಆಲ್ಡರ್‌ಮನ್. ಅವರ ಅವಧಿ ಕೌನ್ಸಿಲರುಗಳಿಗಿಂತ ಉದ್ದ, ಒಂದು ಸಲಕ್ಕೆ ಅರ್ಧದಷ್ಟೇ ಜನ ನಿವೃತ್ತಿ. ಅಂದರೆ ಜನ ಸೋಲಿಸಿದ ಪಕ್ಷದವರೂ ಒಳಗೇ ಕೂತು ಮತ ಹಾಕಬಹುದಿತ್ತು. ಬರೋಗಳಲ್ಲಿ ಆ ಸ್ಥಾನ 1978ರಲ್ಲಿ ಹೋಯಿತು. ಅಲ್ಲಿಯ ತನಕ ಪಟ್ಟಿಯಲ್ಲಿ ಇವರಿಗೆ ಬೇರೆ ಕಲಂ ಇರಲೇಬೇಕು.

ಚುನಾವಣೆ 'ಮೂರು ವರ್ಷಕ್ಕೊಮ್ಮೆ' ಎಂದು ಬರೆದುಬಿಡುವುದೂ ತಪ್ಪು. 1967ರಲ್ಲಿ ಆಗಬೇಕಿದ್ದದ್ದು 1968ಕ್ಕೆ ಹೋಯಿತು. ಆಮೇಲೆ 1971, 1974, 1978. ಅಲ್ಲಿಂದ ನಾಲ್ಕು ವರ್ಷಕ್ಕೊಮ್ಮೆ.

ಇನ್ನು ತಾಳೆಯ ವಿಷಯ. 2018ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಸ್ಥಾನ 60: ಕನ್ಸರ್ವೇಟಿವ್ 41, ಲೇಬರ್ 19. 2022ರಲ್ಲಿ ವಾರ್ಡುಗಳ ಗಡಿ ಬದಲಾಗಿ ಸ್ಥಾನ 54: ಲೇಬರ್ 31, ಕನ್ಸರ್ವೇಟಿವ್ 23. ಒಬ್ಬರಿಗೆ 12 ಗಳಿಕೆ, ಇನ್ನೊಬ್ಬರಿಗೆ 18 ನಷ್ಟ. ನಡುವಿನ 6 ಸ್ಥಾನ ಯಾರೂ ಕಸಿದದ್ದಲ್ಲ, ಇಲ್ಲವಾದದ್ದು. ಗಡಿ ಬದಲಾದ ವರ್ಷ 'ಗಳಿಕೆ' ಕೈಬಿಟ್ಟು 'ಹಿಂದಿನ ಬಲ', 'ಈಗಿನ ಬಲ' ಎಂದು ಹಾಕಿ. ಬಹುಮತದ ಗೆರೆಯೂ 31ರಿಂದ 28ಕ್ಕೆ ಇಳಿದಿದೆ, ಅದನ್ನೂ ಹೇಳಿ. ಯಾರಿಗೂ ಬಹುಮತ ಬಾರದ ಕೌನ್ಸಿಲಿಗೆ ನಮ್ಮ ಪತ್ರಿಕೆಗಳ 'ಅತಂತ್ರ' ಚೆನ್ನಾಗಿ ಒಗ್ಗುತ್ತದೆ.

ಒಂದು ಎಚ್ಚರ: ಮೂರು ಸ್ಥಾನದ ವಾರ್ಡಿನಲ್ಲಿ ಒಬ್ಬ ಮತದಾರ ಮೂರು ಮತದ ತನಕ ಹಾಕಬಹುದು, ಒಂದೇ ಹಾಕಿದರೂ ಮತಪತ್ರ ಸಿಂಧು. ಅಭ್ಯರ್ಥಿಗಳ ಮತಗಳನ್ನೆಲ್ಲ ಕೂಡಿಸಿ 'ಇಷ್ಟು ಜನ ಮತ ಚಲಾಯಿಸಿದರು' ಎಂದರೆ ಸಂಖ್ಯೆ ಎರಡು ಮೂರು ಪಟ್ಟು ಉಬ್ಬುತ್ತದೆ. 'ಬಿದ್ದ ಮತ' ಬೇರೆ, 'ಮತ ಹಾಕಿದವರು' ಬೇರೆ. ಪಕ್ಷವಾರು ಶೇಕಡಾವಾರು ತೆಗೆಯುವುದಾದರೆ ಪ್ರತಿ ವಾರ್ಡಿನಲ್ಲೂ ಆಯಾ ಪಕ್ಷದ ಅತಿ ಹೆಚ್ಚು ಮತ ಪಡೆದ ಅಭ್ಯರ್ಥಿಯನ್ನು ಮಾತ್ರ ಹಿಡಿಯಿರಿ. ಆ ಕ್ರಮವನ್ನು ಪಟ್ಟಿಯ ಕೆಳಗೆ ನಮೂದಿಸಿ.

ಇನ್ನೊಂದು ಉತ್ತರ:
'ಬರೋ' ಕನ್ನಡ ನಾಡಿಗೆ ತೀರ ಹೊಸದೂ ಅಲ್ಲ. 1925ರ ಮುಂಬಯಿ ಮುನಿಸಿಪಲ್ ಬರೋ ಕಾಯ್ದೆಯಡಿ ಹುಬ್ಬಳ್ಳಿ, ಬೆಳಗಾವಿ ಬರೋ ಮುನಿಸಿಪಾಲಿಟಿಗಳೇ ಆಗಿದ್ದವು. ಆದರೆ ಅಲ್ಲಿ ಬರೋ ಎಂದರೆ ಇಡೀ ಪಟ್ಟಣ, ಲಂಡನ್ನಿನಂತೆ ಊರಿನ ಒಂದು ತುಂಡಲ್ಲ. ಕೋಲ್ಕತ್ತದ್ದು ಮತ್ತೂ ಬೇರೆ: 144 ವಾರ್ಡುಗಳನ್ನು 16 ಬರೋಗಳಾಗಿ ಕಟ್ಟಿದ್ದಾರೆ, ಆಯಾ ವಾರ್ಡಿನ ಕೌನ್ಸಿಲರುಗಳೇ ಬರೋ ಸಮಿತಿಯಾಗಿ ಅಧ್ಯಕ್ಷರನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿ ಜನ ನೇರವಾಗಿ ಮತ ಹಾಕುವುದು ವಾರ್ಡಿಗೆ, ಬರೋಗಲ್ಲ.