ಆಷಾಢದಲ್ಲಿ ಜೋಡಿಯಾಗಿ ಎಲ್ಲಿಗೆ ಹೋಗಬಹುದು?

ಕಾವೇರಿತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಳೆದ ಮಾಘಕ್ಕೆ ನಮ್ಮ ಮದುವೆಯಾಗಿ ಎರಡು ವರ್ಷ ತುಂಬಿತು. ಇಬ್ಬರೂ ಮೈಸೂರಿನಲ್ಲಿ ಕೆಲಸದಲ್ಲಿದ್ದೇವೆ. ನಮ್ಮವರದು ಪಾಳಿಯ ಕೆಲಸವಾದ್ದರಿಂದ ಇಬ್ಬರಿಗೂ ಒಟ್ಟಿಗೆ ಬಿಡುವು ಸಿಗುವುದು ತಿಂಗಳಿಗೆ ಎರಡು ದಿನ ಮಾತ್ರ. ಅದರಲ್ಲೊಂದು ನೆಂಟರಿಷ್ಟರ ಮದುವೆ, ನಾಮಕರಣಗಳಿಗೆ ಹೋಗಿಬಿಡುತ್ತದೆ. ಮದುವೆಯಾದ ಮೊದಲ ಆಷಾಢದಲ್ಲಿ ಪದ್ಧತಿಯಂತೆ ನನ್ನನ್ನು ಮಂಡ್ಯದ ತವರಿಗೆ ಕಳುಹಿಸಿದ್ದರು. ಆ ತಿಂಗಳು ದಿನವೂ ರಾತ್ರಿ ಫೋನಿನಲ್ಲಿ ಮಾತನಾಡುತ್ತ ನಾವು ಒಂದು ಒಪ್ಪಂದಕ್ಕೆ ಬಂದೆವು: ಋತುವಿಗೊಂದರಂತೆ ವರ್ಷಕ್ಕೆ ಆರು ಸಲ, ಬೈಕಿನಲ್ಲೋ ಬಸ್ಸಿನಲ್ಲೋ ರೈಲಿನಲ್ಲೋ ಹೊರಟು, ಆಯಾ ಕಾಲದಲ್ಲಿ ಮಾತ್ರ ಕಾಣಸಿಗುವ ಯಾವುದಾದರೊಂದನ್ನು ನಾವಿಬ್ಬರೇ ನೋಡಿ ಬರಬೇಕು, ಮರುದಿನ ಕೆಲಸಕ್ಕೆ ಹಾಜರಾಗುವಂತಿರಬೇಕು ಮತ್ತು ರೆಸಾರ್ಟುಗಳಿಗೆ ದುಡ್ಡು ಸುರಿಯಬಾರದು.

ಈವರೆಗೆ ನಾಲ್ಕು ಋತುಗಳು ಭರ್ತಿಯಾಗಿವೆ. ಶರದೃತುವಿಗೆ ದಸರೆಯೇ ಇದೆಯಾದರೂ ಜಂಬೂಸವಾರಿಯ ನೂಕುನುಗ್ಗಲಿಗೆ ಹೋಗದೆ, ನವರಾತ್ರಿಯ ನಡುವಿನ ಒಂದು ರಾತ್ರಿ ಚುರುಮುರಿ ತಿನ್ನುತ್ತ ದೀಪಾಲಂಕಾರದ ರಸ್ತೆಗಳಲ್ಲಿ ಬನ್ನಿಮಂಟಪದವರೆಗೆ ನಡೆದೆವು. ಹೇಮಂತಕ್ಕೆ ಸಂಕ್ರಾಂತಿಯ ಸಂಜೆ ಸಿದ್ದಲಿಂಗಪುರದಲ್ಲಿ ಕಿಚ್ಚು ಹಾಯಿಸುವುದನ್ನು ನೋಡಿದೆವು. ಒಂದು ಹೋರಿ ಕಿಚ್ಚನ್ನು ಬಿಟ್ಟು ಜನರತ್ತ ತಿರುಗಿದಾಗ ಇವರು ನನ್ನ ಕೈ ಬಿಟ್ಟು ಮೊದಲು ಓಡಿದ್ದನ್ನು ನಾನಿನ್ನೂ ಮರೆತಿಲ್ಲ. ಶಿಶಿರಕ್ಕೆ ಮೇಲುಕೋಟೆಯ ವೈರಮುಡಿ: ರಾತ್ರಿಯೆಲ್ಲ ಎಚ್ಚರವಿದ್ದು, ಮುಂಜಾನೆ ಪುಳಿಯೋಗರೆ ತಿಂದು, ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತಲ್ಲಿಯೇ ನಿದ್ದೆ ಹೋದೆವು. ವಸಂತಕ್ಕೆ ಬೆಂಗಳೂರಿನ ಕರಗ.

ಉಳಿದಿರುವುದು ಗ್ರೀಷ್ಮ ಮತ್ತು ವರ್ಷ. ಜ್ಯೇಷ್ಠದಲ್ಲಿ ಇವರಿಗೆ ರಜೆಯಿಲ್ಲ. ಆಷಾಢದಲ್ಲಿ ರಜೆಯೇನೋ ಸಿಗುತ್ತದೆ, ಆದರೆ ಆ ತಿಂಗಳು ಗಂಡ ಹೆಂಡತಿ ಜೋಡಿಯಾಗಿ ತಿರುಗಾಟಕ್ಕೆ ಹೊರಡುವುದು ಬೇಡವೆಂದು ಅತ್ತೆಯವರು ಹೇಳುತ್ತಾರೆ. ಅವರು ಗದರಿಸುವವರಲ್ಲ, ಒಂದು ಮಾತು ಹೇಳಿ ಸುಮ್ಮನಾಗುವವರು, ಕಷ್ಟವಿರುವುದು ಅಲ್ಲಿಯೇ. ಅವರ ಮನಸ್ಸನ್ನು ನೋಯಿಸದೆ ಆಷಾಢದಲ್ಲಿ ಹೋಗಬಹುದಾದ ಜಾಗ ಯಾವುದು, ಆಮೇಲೆ ಮಳೆಗಾಲದಲ್ಲಿ ಮೈಸೂರಿನಿಂದ ಸುಮಾರು 100 ಕಿಲೋಮೀಟರಿನೊಳಗೆ ನೋಡಲೇಬೇಕಾದದ್ದು ಯಾವುದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ರಾಮಸಮುದ್ರದವನು

ತಂಗಿ, ನಿಮ್ಮ ಅತ್ತೆಯವರು ಬೇಡವೆನ್ನಲಾರದ ಜಾಗವೊಂದು ನಿಮ್ಮೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿದೆ. ಅದು ನಮ್ಮ ಚಾಮರಾಜನಗರದ ಚಾಮರಾಜೇಶ್ವರನ ತೇರು. ಈ ಸೀಮೆಯ ಉಳಿದ ದೇವರುಗಳು ಸಾಮಾನ್ಯವಾಗಿ ಆಷಾಢದಲ್ಲಿ ತೇರೇರದೆ ಗುಡಿಯಲ್ಲೇ ಇದ್ದರೆ, ನಮ್ಮ ದೇವರ ಬ್ರಹ್ಮರಥೋತ್ಸವ ನಡೆಯುವುದೇ ಆಷಾಢದ ಪೂರ್ವಾಷಾಢ ನಕ್ಷತ್ರದಂದು. ಹೊಸದಾಗಿ ಮದುವೆಯಾಗಿ ಆ ತಿಂಗಳು ಬೇರೆ ಬೇರೆ ಮನೆಗಳಲ್ಲಿರುವ ಗಂಡು ಹೆಣ್ಣು ಇಲ್ಲಿಗೆ ಬಂದು, ಜೊತೆಯಾಗಿ ನಿಂತು ತೇರಿಗೆ ಹಣ್ಣು ಜವನ ಎಸೆಯಬೇಕೆಂಬುದು ಈ ಸೀಮೆಯ ವಾಡಿಕೆ. ಅಗಲಿಸುವ ತಿಂಗಳೂ ಆಷಾಢವೇ, ಹಿರಿಯರ ಒಪ್ಪಿಗೆಯಿಂದಲೇ ಒಂದು ದಿನದ ಮಟ್ಟಿಗೆ ಒಟ್ಟುಗೂಡಿಸುವ ತಿಂಗಳೂ ಆಷಾಢವೇ. ಆಷಾಢದಲ್ಲಿ ಗರ್ಭ ನಿಂತರೆ ಚೈತ್ರದ ಬಿಸಿಲಿನಲ್ಲಿ ಹೆರಿಗೆಯಾಗುತ್ತದೆ ಎಂಬ ಕಾರಣವನ್ನು ಎಲ್ಲರೂ ಹೇಳುತ್ತಾರೆ. ಹೊಲದ ಕೆಲಸ ಹೆಚ್ಚಿರುವ ಹೊತ್ತಿನಲ್ಲಿ ಹೊಸ ಮದುಮಗ ಮನೆಯೊಳಗೆ ಕೂರಬಾರದೆಂಬ ಲೆಕ್ಕವೂ ಅದರ ಹಿಂದಿದೆಯೆಂದು ನನ್ನ ಗುಮಾನಿ. ಏನೇ ಆದರೂ ಆ ಕಟ್ಟುಪಾಡು ಮೊದಲ ವರ್ಷಕ್ಕೆ ಮಾತ್ರ. ನಿಮ್ಮದು ಅದನ್ನು ದಾಟಿಯಾಗಿದೆ.

ಆ ದೇವಸ್ಥಾನವನ್ನು 1826ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಕಾರಣಕ್ಕೆ ಅಂದಿನ ಅರಿಕುಠಾರ ಚಾಮರಾಜನಗರವಾಯಿತು. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಕೆಲವು ವರ್ಷ ರಥೋತ್ಸವವೇ ನಿಂತುಹೋಗಿತ್ತು. ಆ ವರ್ಷಗಳಲ್ಲಿ ಮದುವೆಯಾದ ನಮ್ಮ ಬೀದಿಯ ಜೋಡಿಗಳು, 2022ರಲ್ಲಿ ಹೊಸ ತೇರು ಬಂದಾಗ ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡೇ ಬಂದು ಹಣ್ಣು ಎಸೆದು ಬಾಕಿ ತೀರಿಸಿದರು.

ನಮ್ಮ ಸರದಿ ಬಂದದ್ದು 1994ರಲ್ಲಿ. ನಾನು ಮನೆಯಿಂದ ನಡೆದು ಬಂದಿದ್ದೆ, ಆಕೆ ಗುಂಡ್ಲುಪೇಟೆಯ ಬಸ್ಸಿನಲ್ಲಿ ಇಬ್ಬರು ಸೋದರಮಾವಂದಿರ ಕಾವಲಿನಲ್ಲಿ ಬಂದಿಳಿದಿದ್ದಳು. ಆ ಮಾವಂದಿರನ್ನು ಜಾತ್ರೆಯ ಜನಜಂಗುಳಿಯಲ್ಲಿ ತಪ್ಪಿಸಿ, ಬೆಂಡು ಬತ್ತಾಸಿನ ಅಂಗಡಿಯ ಹಿಂದೆ ಹತ್ತು ನಿಮಿಷ ಮಾತನಾಡಿದ್ದೇ ನಮ್ಮ ಜೀವನದ ಮೊದಲ ಸಾಹಸ. ಈಗಲೂ ಪ್ರತಿ ವರ್ಷ ತಪ್ಪದೆ ಹೋಗುತ್ತೇವೆ. ನೀವು ಬರುವುದಾದರೆ ಮೈಸೂರಿನಿಂದ ರೈಲಿನಲ್ಲಿ ಬನ್ನಿ, ಏಕೆಂದರೆ ಆ ದಿನ ಊರೊಳಗೆ ಬೈಕು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ತೇರು ಹೊರಟುಬಿಡುತ್ತದೆ. ಇನ್ನೊಂದು ಮಾತು: ಹಣ್ಣು ಎಸೆಯುವವರ ಹಿಂದೆ ನಿಲ್ಲಿ, ಮುಂದೆ ನಿಲ್ಲಬೇಡಿ. ಕಳಸಕ್ಕೆ ಗುರಿಯಿಟ್ಟ ಬಾಳೆಹಣ್ಣು ಯಾರ ಬೆನ್ನಿಗೆ ಬೀಳುವುದೋ ಹೇಳಲಾಗದು.

ಮುಡುಕುತೊರೆಯ ಓದುಗ

ಮಳೆಗಾಲದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನೀವು ನೋಡಬೇಕಾದದ್ದು ಶಿವನಸಮುದ್ರದ ಭರಚುಕ್ಕಿ ಜಲಪಾತ. ಆದರೆ ಎಂದು ಹೋಗಬೇಕೆಂಬುದನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬಾರದು. ಅಲ್ಲಿ ಧುಮ್ಮಿಕ್ಕುವ ನೀರು ನಿಮ್ಮೂರಿನ ಮಳೆಯದಲ್ಲ. ಕೊಡಗಿನಲ್ಲಿ ಸುರಿದ ಮಳೆ ಕನ್ನಂಬಾಡಿಯಲ್ಲಿಯೂ (ಕೆ.ಆರ್.ಎಸ್. ಅಣೆಕಟ್ಟೆ) ವಯನಾಡಿನಲ್ಲಿ ಸುರಿದದ್ದು ಕಬಿನಿ ಜಲಾಶಯದಲ್ಲಿಯೂ ತುಂಬಿಕೊಂಡು, ಅಲ್ಲಿಂದ ಬಿಟ್ಟ ನೀರು ತಿರುಮಕೂಡಲಿನಲ್ಲಿ ಒಂದಾಗಿ, ತಲಕಾಡಿನ ಮರಳನ್ನು ಬಳಸಿ ಶಿವನಸಮುದ್ರಕ್ಕೆ ಬರುತ್ತದೆ. ಆದ್ದರಿಂದ ಜೂನ್ ಕೊನೆಯಿಂದ ಪತ್ರಿಕೆಯಲ್ಲಿ ದಿನವೂ ಬರುವ ಜಲಾಶಯಗಳ ಪಟ್ಟಿಯನ್ನು ಓದುತ್ತಿರಿ. ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದು 2,284 ಅಡಿ. ಸಾಮಾನ್ಯವಾಗಿ ಕಬಿನಿ ಮೊದಲು ತುಂಬುತ್ತದೆ. ಮಟ್ಟಕ್ಕಿಂತ ಮುಖ್ಯವಾದದ್ದು ಹೊರಹರಿವಿನ ಅಂಕಿ. ಎರಡರ ಹೊರಹರಿವು ಕೂಡಿ 20,000 ಕ್ಯೂಸೆಕ್ಸ್ ದಾಟಿತೆಂದರೆ ನಾನೂ ನನ್ನ ಹೆಂಡತಿಯೂ ಮರುದಿನವೋ ಅದರ ಮರುದಿನವೋ ಹೊರಡುತ್ತೇವೆ. ಅಂಕಿ ಲಕ್ಷದ ಹತ್ತಿರ ಹೋದರೆ ಮನೆಯಲ್ಲಿ ಬೋಂಡ ಕರಿದುಕೊಂಡು ಕೂರುತ್ತೇವೆ. ಇದು ಇಲಾಖೆಯ ಸೂತ್ರವಲ್ಲ, ನಮ್ಮ ಮನೆಯ ಸೂತ್ರ.

ಎರಡನೆಯ ಭಾಗವನ್ನು ಉಪೇಕ್ಷಿಸಬೇಡಿ. 2018ರ ಪ್ರವಾಹದಲ್ಲಿ ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗವೇ ಕೊಚ್ಚಿಹೋಯಿತು. ಅಷ್ಟು ವರ್ಷ ನಿಂತಿದ್ದ ಕಲ್ಲಿನ ಕಂಬಗಳ ಗತಿ ಹಾಗಾದ ಮೇಲೆ ಬಂಡೆಯ ಮೇಲೆ ನಿಂತು ಸೆಲ್ಫಿ ತೆಗೆದುಕೊಳ್ಳುವವರ ಪಾಡೇನು? ನೀರು ಹೆಚ್ಚಿದ್ದಾಗ ಕೆಳಗಿಳಿಯುವ ಮೆಟ್ಟಿಲುಗಳನ್ನು ಮುಚ್ಚುತ್ತಾರೆ. ಮುಚ್ಚಿದ್ದರೆ ಸಿಬ್ಬಂದಿಯೊಡನೆ ವಾದಿಸದೆ ಮೇಲಿನಿಂದಲೇ ನೋಡಿ. ನೋಟವಾಗಿ ಅದಕ್ಕೇನೂ ಕೊರತೆಯಿಲ್ಲ.

ಗಗನಚುಕ್ಕಿಯನ್ನೂ ಅದೇ ದಿನ ನೋಡಬಹುದು, ಆದರೆ ಅದರ ನೋಟ ಚೆನ್ನಾಗಿರುವುದು ಮಳವಳ್ಳಿಯ ಕಡೆಯಿಂದ. ಭರಚುಕ್ಕಿ ಇರುವುದು ಕೊಳ್ಳೇಗಾಲದ ಕಡೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋದದ್ದು ಇದೇ ಶಿವನಸಮುದ್ರದಿಂದ. ನಾವು ಮೊದಲ ಸಲ ಹೋದಾಗ ನಾನು ಇದನ್ನೆಲ್ಲ ವಿವರವಾಗಿ ಹೇಳುತ್ತಿದ್ದೆ. ನೀರಿನ ಮೊರೆತದಲ್ಲಿ ಆಕೆಗೆ ಒಂದು ಪದವೂ ಕೇಳಿಸಲಿಲ್ಲವೆಂಬುದು ಮನೆಗೆ ಬಂದ ಮೇಲೆ ತಿಳಿಯಿತು, ಆಕೆ ಅರ್ಧ ಗಂಟೆ ತಲೆಯಾಡಿಸುತ್ತಲೇ ಇದ್ದಳು.

ಕುಂದಾಪ್ರದವಳು

ಪಟ್ಟಿಯನ್ನು ಓದಿ ಸಂತೋಷವಾಯಿತು, ಸಣ್ಣದೊಂದು ತಕರಾರೂ ಇದೆ. ಆರೂ ಋತುಗಳಲ್ಲಿ ಮನೆಯಿಂದ ಹೊರಗೇ ಹೋಗಬೇಕೆಂಬ ಹಟವೇಕೆ? ನಮ್ಮ ಕರಾವಳಿಯಲ್ಲಿ ಆಸಾಡಿ ತಿಂಗಳ ಮಳೆ ಹಿಡಿದರೆ ನಾಲ್ಕೈದು ದಿನ ಬಿಡುವುದಿಲ್ಲ. ನಾವಿಬ್ಬರೂ ಆ ತಿಂಗಳ ಒಂದು ಭಾನುವಾರವನ್ನು ಪತ್ರೊಡೆಗೆಂದೇ ಇಡುತ್ತೇವೆ. ಗದ್ದೆಯಂಚಿನಿಂದ ಕೆಸುವಿನ ಎಲೆ ಕೊಯ್ದು ತರುವುದು ಅವರ ಕೆಲಸ, ಹಿಟ್ಟು ಹಚ್ಚಿ ಸುರುಳಿ ಸುತ್ತುವುದು ನನ್ನ ಕೆಲಸ, ಬೇಯುವವರೆಗೆ ಚಾವಡಿಯಲ್ಲಿ ಕುಳಿತು ಮಳೆ ನೋಡುವುದು ಇಬ್ಬರದೂ. ಹುಣಸೆಹುಳಿ ಕಡಿಮೆಯಾದ ವರ್ಷ ಇಬ್ಬರ ಗಂಟಲೂ ಕೆರೆದು ರಾತ್ರಿಯೆಲ್ಲ ಮಾತನಾಡಲಾಗಲಿಲ್ಲ. ಅದನ್ನೂ ಸಾಹಸಗಳ ಲೆಕ್ಕಕ್ಕೇ ಸೇರಿಸಿದ್ದೇವೆ.

ನೂರು ಕಿಲೋಮೀಟರಿನ ಗೆರೆಯನ್ನು ಒಂದು ಸಲ ದಾಟುವ ಮನಸ್ಸಾದರೆ, ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟೇಶ್ವರದ ಕೊಡಿ ಹಬ್ಬಕ್ಕೆ ಬನ್ನಿ. ಅಲ್ಲಿಯೂ ಹೊಸ ಜೋಡಿಗಳದೇ ಸಂಭ್ರಮ: ಕೋಟಿತೀರ್ಥ ಕೆರೆಯ ಸುತ್ತ ಅಕ್ಕಿ ಹಾಕುತ್ತ ಬರುವ ಸುತ್ತಕ್ಕಿ ಸೇವೆ ಮುಗಿಸಿ, ಮನೆಯಲ್ಲಿ ಸಂತಾನದ ಕೊಡಿ ಚಿಗುರಲೆಂದು ಕಬ್ಬಿನ ಕೊಡಿ ಕೊಂಡುಹೋಗುತ್ತಾರೆ. ಕಬ್ಬನ್ನು ಬಸ್ಸಿನಲ್ಲಿ ಮೈಸೂರಿನವರೆಗೆ ಹೇಗೆ ಸಾಗಿಸುತ್ತೀರಿ ಎಂಬುದನ್ನು ನಿಮಗೇ ಬಿಟ್ಟಿದ್ದೇನೆ.

ಕಾವೇರಿತೀರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಹೋಗಿ ಬಂದ ಮೇಲೆಯೇ ಬರೆಯೋಣವೆಂದಿದ್ದೆ.

ರಾಮಸಮುದ್ರದ ಅಣ್ಣನವರ ಮಾತನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಕೇಳಿಸಿಕೊಂಡು ಎಂದಿನಂತೆ ಸುಮ್ಮನಾದರು. ತೇರಿನ ದಿನ ಬೆಳಿಗ್ಗೆ ನಾವು ಹೊರಡುವ ಹೊತ್ತಿಗೆ ನೋಡಿದರೆ, ರೇಷ್ಮೆ ಸೀರೆಯುಟ್ಟು, ಚೀಲದಲ್ಲಿ ಒಂದು ಚಿಪ್ಪು ಬಾಳೆಹಣ್ಣು ಇಟ್ಟುಕೊಂಡು ಜಗಲಿಯ ಮೇಲೆ ಕುಳಿತಿದ್ದಾರೆ! ರೈಲು ನಂಜನಗೂಡು ದಾಟಿದ ಮೇಲೆ ಗೊತ್ತಾಯಿತು, ಮದುವೆಯಾದ ವರ್ಷ ಅವರೂ ಮಾವನವರೂ ಇದೇ ತೇರಿಗೆ ಬಂದಿದ್ದರಂತೆ. ಮಾವನವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರು ಅದರ ಬಗ್ಗೆ ಹೆಚ್ಚೇನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಂದು ತಾವು ಕೊಂಡ ಬಳೆಗಳ ಬಣ್ಣವನ್ನು ಮಾತ್ರ ಎರಡು ಸಲ ಹೇಳಿದರು.

ಊರಿನಲ್ಲಿ ಬಿಟ್ಟು ಬಿಟ್ಟು ತುಂತುರು ಮಳೆ ಇತ್ತು. ಎಸೆಯುವವರ ಹಿಂದೆಯೇ ನಿಂತಿದ್ದೆವು, ಆದರೂ ಎಲ್ಲಿಂದಲೋ ಬಂದ ಹಣ್ಣೊಂದು ಇವರ ಹೊಸ ಅಂಗಿಯ ಮೇಲೆ ಒಡೆಯಿತು. ನಾವಿಬ್ಬರೂ ಸೇರಿ ಎಸೆದ ಹಣ್ಣು ತೇರನ್ನು ಮುಟ್ಟಲೇ ಇಲ್ಲ. ಅತ್ತೆಯವರು ಎಸೆದದ್ದು ಕಳಸದ ಕೆಳಗೆ ನೇರವಾಗಿ ಹೋಗಿ ತಗುಲಿತು.

ಈಗ ಮನೆಯಲ್ಲಿ ನಡೆಯುತ್ತಿರುವ ವಾದವೆಂದರೆ, ಇಬ್ಬರೇ ಹೋಗಬೇಕೆಂಬ ಒಪ್ಪಂದವಿರುವಾಗ ಮೂವರು ಹೋದದ್ದನ್ನು ಗ್ರೀಷ್ಮದ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬುದು. ನಾನು ಹಿಡಿಯಬೇಕೆನ್ನುತ್ತೇನೆ, ಇವರು ಅರ್ಧ ಹಿಡಿಯೋಣವೆನ್ನುತ್ತಾರೆ. ಭರಚುಕ್ಕಿಯ ಸೂತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇವೆ. ಇಂದಿನ ಪತ್ರಿಕೆಯಲ್ಲಿ ಕಬಿನಿಯ ಹೊರಹರಿವು ಏರಿದೆ, ಕನ್ನಂಬಾಡಿಗೆ ಇನ್ನೂ ಐದಾರು ಅಡಿ ಬಾಕಿಯಿದೆ. ಮುಡುಕುತೊರೆಯವರಿಗೆ ಒಂದು ಪ್ರಶ್ನೆ: ಕಬಿನಿಯೊಂದರ ನೀರಿಗೇ ಹೊರಟರೆ ಸಾಕೇ, ಅಥವಾ ಕನ್ನಂಬಾಡಿ ತುಂಬುವವರೆಗೆ ಕಾಯಬೇಕೇ? ಇವರಿಗೆ ಬರುವ ಭಾನುವಾರ ರಜೆಯಿದೆ.