ಸಮಸ್ಯೆ: ‘ಗುಬ್ಬಿಗಳು ಕಡಲಿಳಿದು ಚಿಪ್ಪಾದವು’

ಪೃಚ್ಛಕ (ಸಾಲು ಕೊಡುವವ): ಕವಿಮಿತ್ರರೇ, ಅಸಂಭವವೆನಿಸುವ ಸಾಲೊಂದನ್ನು ಕೊಟ್ಟು, ಅದು ಒಪ್ಪುವಂತೆ ಪದ್ಯವನ್ನು ತುಂಬಿಸುವುದೇ ನಮ್ಮ ಸಮಸ್ಯಾಪೂರಣ. ಈ ವಾರದ ಸಾಲು ನಾನು ಕಟ್ಟಿದ್ದಲ್ಲ, ಚೀನದ ಹಳೆಯ ಪಂಚಾಂಗದ್ದು. ವರ್ಷವನ್ನು 24 ಭಾಗ ಮಾಡಿ, ಒಂದೊಂದನ್ನು ಮತ್ತೆ ಮೂರಾಗಿ ಒಡೆದು, ಸುಮಾರು ಐದೈದು ದಿನಗಳ 72 ಕಿರುಋತುಗಳನ್ನು ಅವರು ಹೆಸರಿಸಿದ್ದರು. ‘ತಣ್ಣನೆಯ ಇಬ್ಬನಿ’ ಎಂಬ ಭಾಗ ಅಕ್ಟೋಬರ್ 8ರ ಸುಮಾರಿಗೆ ಬರುತ್ತದೆ. ಅದರ ನಡುವಿನ ಐದು ದಿನಗಳಲ್ಲಿ ಗುಬ್ಬಿಗಳು ನೀರಿಗಿಳಿದು ಚಿಪ್ಪುಜೀವಿಗಳಾಗುತ್ತವಂತೆ! ಪಂಚಮಾತ್ರಾ ಚೌಪದಿಯ (ಐದೈದು ಮಾತ್ರೆಗಳ ನಡೆಯ ನಾಲ್ಕು ಸಾಲಿನ ಪದ್ಯ) ಕೊನೆಯ ಸಾಲಾಗಿ ಇದು ಬರಲಿ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ‘ಬ್ಬ’.

ಮೊದಲ ಪೂರಣ:

ಇಬ್ಬನಿಯು ಸೇವಂತಿಗೆಯ ಮೇಲೆ ಕುಳಿತಿರಲು
ಮಬ್ಬಿನಲಿ ಮರ ಮೌನ, ತೋಟ ಬರಿದು
ಉಬ್ಬರವು ತಂದ ಗೆರೆಚಿಪ್ಪ ಕಂಡವ ನುಡಿದ:
“ಗುಬ್ಬಿಗಳು ಕಡಲಿಳಿದು ಚಿಪ್ಪಾದವು”

ಪೃಚ್ಛಕ: ಸೊಗಸು! ಇಬ್ಬನಿ ತಾನಾಗಿಯೇ ಪ್ರಾಸಕ್ಕೆ ಒದಗಿತು. ‘ತೋಟ ಬರಿದು’ ಎಂಬುದು ಬರಿಯ ಕಲ್ಪನೆಯೂ ಅಲ್ಲ. ಭತ್ತ ಬಲಿಯುವ ಹೊತ್ತಿಗೆ ಅಲ್ಲಿನ ಗುಬ್ಬಿಗಳು ಹಿಂಡುಗಟ್ಟಿ ಗದ್ದೆಯತ್ತ ಸಾಗುತ್ತವೆ. ನಮ್ಮ ಮನೆಗುಬ್ಬಿಗೆ ಅವು ದಾಯಾದಿಗಳು: ನೆತ್ತಿ ಕಂದು, ಬಿಳಿಯ ಕೆನ್ನೆಯಲ್ಲಿ ಶಾಯಿ ತೊಟ್ಟಿಕ್ಕಿದಂತೆ ಒಂದು ಕಪ್ಪು ಚುಕ್ಕೆ. ಬೆನ್ನಿನ ಕಂದು ಗೆರೆಗಳನ್ನೊಮ್ಮೆ ನೋಡಿ ಆಮೇಲೆ ಚಿಪ್ಪನ್ನು ನೋಡಿದರೆ, ಆ ಮಾತು ಕಟ್ಟಿದವರ ಮೇಲೆ ನನಗಂತೂ ಗೌರವ ಹೆಚ್ಚುತ್ತದೆ. ಅವರು ದಿಟ್ಟಿಸಿ ನೋಡಿದ್ದರು.

ಎರಡನೆಯ ಪೂರಣ: ನಾನು ಜಪಾನಿಗೆ ಹೋಗುತ್ತೇನೆ. ಅಲ್ಲಿನ ಸಿರಿವಂತರ ಮನೆಗಳಲ್ಲಿ ಚಿಪ್ಪುಗಳ ಒಳಮೈಗೆ ಚಿತ್ರ ಬರೆದು ಜೋಡಿ ಹುಡುಕುವ ಆಟವಿತ್ತು. ಒಂದು ಚಿಪ್ಪಿನ ಅರ್ಧಕ್ಕೆ ಅದರದೇ ಇನ್ನರ್ಧ ಮಾತ್ರ ಕೂಡುತ್ತದೆ.

ಹಬ್ಬದಾಟಕೆ ಚಿಪ್ಪಿನೊಳಗೆ ಬಣ್ಣವ ಬಳಿದು
ಒಬ್ಬ ಬರೆದನು ಹೂವ, ಹಕ್ಕಿ ಹಿಂಡ
ತಬ್ಬಿ ಸೆಳೆಯಿತು ತೆರೆಯು, ಬಣ್ಣ ತೊಳೆಯಿತು ನೀರು
ಗುಬ್ಬಿಗಳು ಕಡಲಿಳಿದು ಚಿಪ್ಪಾದವು

ಮೊದಲ ಪೂರಣದವರು: ಮೇಡಂ, ಇದಕ್ಕೆ ಶರಣು. ನಾನು ‘ನುಡಿದ’ ಎಂದು ಇನ್ನೊಬ್ಬರ ಬಾಯಿಗೆ ಸಾಲನ್ನು ಹಾಕಿ ಪಾರಾದೆ. ನೀವು ಅಸಂಭವವನ್ನು ನಡೆಸಿಯೇ ತೋರಿಸಿದಿರಿ.

ಮೂರನೆಯ ಪೂರಣ: ಜಪಾನಿನ ಮಾತು ಬಂದದ್ದರಿಂದ ಹೇಳುತ್ತೇನೆ. ಶಿಬುಕಾವಾ ಶುಂಕೈ ಎಂಬ ಜ್ಯೋತಿರ್ವಿದ ರೂಪಿಸಿದ ಪಂಚಾಂಗ 1685ರಲ್ಲಿ ಅಲ್ಲಿ ಜಾರಿಗೆ ಬಂತು. ಚೀನದ ಕಿರುಋತುಗಳನ್ನು ತಮ್ಮ ನೆಲದ ಹವೆಗೆ ಹೊಂದಿಸಿಕೊಂಡಾಗ ಗುಬ್ಬಿ ಚಿಪ್ಪಾಗುವ ದಿನಗಳಿಗೆ ಸೇವಂತಿಗೆ ಅರಳುವುದು ಬಂದು ಕೂತಿತು. ಚೀನದ ಪಟ್ಟಿಯಲ್ಲಿ ಮಾರ್ಚ್ ಮೂರನೆಯ ವಾರ ಬರುವ ಕವಲುತೋಕೆಯ ಹಕ್ಕಿ ಜಪಾನಿನ ಪಟ್ಟಿಯಲ್ಲಿ ಏಪ್ರಿಲ್ ಮೊದಲ ವಾರಕ್ಕೆ ಸರಿಯಿತು. ಆದರೂ ಹೈಕು ಕವಿಗಳು ಚಿಪ್ಪಾದ ಗುಬ್ಬಿಯನ್ನು ಶರದೃತುವನ್ನು ಸೂಚಿಸುವ ಪದವಾಗಿ ಉಳಿಸಿಕೊಂಡರು.

ಕಬ್ಬಿಗರ ಕನಸನ್ನು ಕಂಡ ಜೋಯಿಸ ನಕ್ಕು
ಹಬ್ಬಿಸಿದ ಸೇವಂತಿ ಹೂವ ಸಾಲು
ಮಬ್ಬು ಸರಿದರು ನೆನಪಿನಲಿ ಮಾತು ನಿಂತಿಹುದು
ಗುಬ್ಬಿಗಳು ಕಡಲಿಳಿದು ಚಿಪ್ಪಾದವು

ಪೃಚ್ಛಕ: ರಾಯರೇ, ಚರಿತ್ರೆಯನ್ನೇ ಚೌಪದಿಗೆ ತಂದಿರಿ. ಆದರೂ ಈ ವಾರದ ಮನ್ನಣೆ ಎರಡನೆಯ ಪೂರಣಕ್ಕೇ. ಕಾರಣ ಒಂದೇ: ಅಲ್ಲಿ ಸಮಸ್ಯೆಯ ಸಾಲು ಹೊರಗಿನಿಂದ ತಂದು ಅಂಟಿಸಿದಂತಿಲ್ಲ, ಮೂರನೆಯ ಸಾಲಿನ ನೀರು ಅದನ್ನು ತಾನೇ ಎಳೆದು ತರುತ್ತದೆ.

ಮುಂದಿನ ಸಾಲೂ ಅದೇ ಪಂಚಾಂಗದ ವಸಂತದಿಂದ, ಛಂದಸ್ಸು ಇದೇ, ಪ್ರಾಸ ‘ಡ’: ‘ಗಿಡುಗ ತಾ ಪಾರಿವಾಳವದಾಯಿತು’.